ನಾನೇ ಕಟ್ಟಿದ ಗರಗಸದ ಮೇಜು

ಹುಕ್ಕೇರಿಯವರೊಬ್ಬರು ಹೊಸ ಮನೆಗೆ ಹದಿನಾಲ್ಕು ಕಿಟಕಿ ಕೇಳಿದಾಗ ಒಪ್ಪಿಕೊಂಡುಬಿಟ್ಟೆ. ಅಷ್ಟು ಕಟ್ಟಿಗೆಯನ್ನು ಕೈಗರಗಸದಿಂದ ಸೀಳಲು ನನ್ನ ಬಲಭುಜ ಕೇಳುತ್ತಿರಲಿಲ್ಲ. ಹೊಸ ಯಂತ್ರ ಕೊಳ್ಳುವ ತಾಕತ್ತಿರಲಿಲ್ಲ. ಕುಲಗೋಡದಲ್ಲಿ ಮನೆಗೆ ಹೊಂದಿಕೊಂಡ ತಗಡಿನ ಶೆಡ್ಡಿನಲ್ಲಿ ನಾನೇ ಒಂದನ್ನು ಕಟ್ಟತೊಡಗಿದೆ. ಗೋಕಾಕದ ಗುಜರಿಯಲ್ಲಿ ಮೇವು ಕತ್ತರಿಸುವ ಯಂತ್ರದ ಹಳೆಯ ಮೋಟಾರು ಸಿಕ್ಕಿತು. ಮೇಜಿಗೆ ದಪ್ಪ ಕಬ್ಬಿಣದ ಹಾಳೆ, ಕಾಲಿಗೆ ಮುರಿದ ಟ್ರಾಲಿಯ ಪಟ್ಟಿಗಳು.

ಬ್ಲೇಡು ಕೂರುವ ಶಾಫ್ಟನ್ನು ಮೂಡಲಗಿಯ ಲೇಥ್ ಅಂಗಡಿಯಲ್ಲಿ ಮಾಡಿಸಿದೆ. ಅಲ್ಲಿಯ ಮುದುಕ ಕಾಕಾ, ಬ್ಲೇಡು ಯಾವ ಕಡೆ ತಿರುಗುತ್ತದೆ, ನಟ್ಟಿಗೆ ಎಡಸುತ್ತು ಬೇಕೋ ಬಲಸುತ್ತು ಬೇಕೋ ಎಂದು ಕೇಳಿದರು. ಸುತ್ತು ತಪ್ಪಾದರೆ ಬ್ಲೇಡು ತಿರುಗುತ್ತ ತಿರುಗುತ್ತ ನಟ್ಟನ್ನೇ ಸಡಿಲಿಸುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಇಪ್ಪತ್ತು ವರ್ಷ ಬಡಿಗತನ ಮಾಡಿದವನಿಗೆ ಕೇಳಲು ನಾಚಿಕೆ. ಎಲ್ಲದಕ್ಕೂ ಹಾಕುವ ಬಲಸುತ್ತನ್ನೇ ಹಾಕಿರೆಂದೆ.

ಮೊದಲ ದಿನ ಮೋಟಾರು ಹಚ್ಚಿದಾಗ ಶೆಡ್ಡಿನ ತಗಡುಗಳೆಲ್ಲ ನಡುಗಿದವು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಹೆದರಿದ್ದು ಅವಳಿಗೆ ಕಾಣಬಾರದೆಂದು ಬೇವಿನ ಹಲಗೆಯನ್ನು ಬ್ಲೇಡಿಗೆ ಕೊಟ್ಟೆ.

ಅರ್ಧದವರೆಗೆ ಬೆಣ್ಣೆ ಕೊಯ್ದಂತೆ ಹೋಯಿತು. ಆಮೇಲೆ ಸದ್ದು ಬದಲಾಯಿತು. ಬ್ಲೇಡು ಓಲಾಡತೊಡಗಿತು, ಕಟ್ಟಿಗೆ ಸುಟ್ಟ ವಾಸನೆ ಬಂತು. ಹಲಗೆ ಸಿಕ್ಕಿಕೊಂಡು ನನ್ನ ಹೊಟ್ಟೆಯತ್ತ ಒದೆಯುತ್ತಿತ್ತು. ಬಿಟ್ಟರೆ ಹಾರಿ ಬಂದು ಬಡಿಯುತ್ತದೆ. ಒತ್ತಿ ಹಿಡಿದರೆ ಕೈಗಳು ಬ್ಲೇಡಿನ ಹಲ್ಲುಗಳ ಹತ್ತಿರಕ್ಕೆ ಜಾರುತ್ತವೆ. ಸ್ವಿಚ್ಚನ್ನು ನಾನೇ ಮೇಜಿನ ಆಚೆ ಬದಿಗೆ ಕೂರಿಸಿದ್ದೆ. ಅದನ್ನು ಮುಟ್ಟಬೇಕಾದರೆ ಬ್ಲೇಡಿನ ಮೇಲೆ ಬಾಗಬೇಕು.

"ನೀ ಹೊರಗ ಹೋಗು," ಎಂದೆ.

ಅವಳು ಹೋಗಲಿಲ್ಲ. ಗೋಡೆಯ ಬೋರ್ಡಿಗೆ ಓಡಿ ಫ್ಯೂಜು ಕಿತ್ತಳು. ಮೋಟಾರು ಸುಮ್ಮನಾಯಿತು, ಬ್ಲೇಡು ಮಾತ್ರ ತಿರುಗುತ್ತಲೇ ಇತ್ತು. ಒಮ್ಮೆಲೇ ವಾಲಿ ಮೇಜಿನ ಕಬ್ಬಿಣಕ್ಕೆ ಕಚ್ಚಿತು. ಕಿಡಿಗಳು ಹಾರಿದವು. ನಿಂತಿತು. ನಟ್ಟು ಕಳಚಿ ಕಟ್ಟಿಗೆಯ ಹೊಟ್ಟಿನಲ್ಲಿ ಬಿದ್ದಿತ್ತು.

"ಕೈ ತೋರಸ್ರಿ," ಎಂದಳು. ಎರಡೂ ಕೈಗಳನ್ನು ತಿರುವಿ ನೋಡಿದಳು. ಬೆರಳುಗಳೆಲ್ಲವೂ ಇದ್ದವು.

ಐದು ದಿನ ಶೆಡ್ಡಿನ ಕಡೆ ಸುಳಿಯಲಿಲ್ಲ. ಬೇರೆಯವರ ಹೊಲದಲ್ಲಿ ಪಂಪಿನ ಸದ್ದು ಕೇಳಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಕಡೆಗೆ ಮೂಡಲಗಿಗೆ ಹೋಗಿ, ಅಂದು ನನಗೇನೂ ತಿಳಿದಿರಲಿಲ್ಲವೆಂದು ಒಪ್ಪಿಕೊಂಡೆ. ಕಾಕಾ ಬೈಯುತ್ತಾರೆಂದುಕೊಂಡಿದ್ದೆ.

"ತಪ್ಪು ನಂದೂ ಐತಿ. ಮಷೀನ್ ನೋಡದ ಶಾಫ್ಟ್ ಮಾಡಿ ಕೊಟ್ಟೆ," ಎಂದರು.

ಮರುದಿನವೇ ಬಸ್ಸು ಹತ್ತಿ ಕುಲಗೋಡಕ್ಕೆ ಬಂದರು. ಎಡಸುತ್ತಿನ ಹೊಸ ಶಾಫ್ಟು ಕೂರಿಸಿ, ಸ್ವಿಚ್ಚನ್ನು ಮೊಣಕಾಲಿನಿಂದ ಒತ್ತುವಂತೆ ಮುಂದಕ್ಕೆ ತಂದರು. ಸೀಳಿದ ಹಲಗೆಯ ಎರಡು ಹೋಳು ಮತ್ತೆ ಕೂಡಿ ಬ್ಲೇಡನ್ನು ಹಿಡಿಯದಂತೆ ಅದರ ಹಿಂದೆ ಒಂದು ತೆಳು ಪಟ್ಟಿ ನಿಲ್ಲಿಸಿದರು. ಮೋಟಾರು ಹಚ್ಚಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಗುತ್ತಾರೇನೋ ಎಂದು ಅವರ ಮುಖ ನೋಡಿದೆ. ಅವರೂ ಬ್ಲೇಡಿನ ನೇರಕ್ಕೆ ನಿಲ್ಲದೆ ಬಾಜೂ ಸರಿದು ನಿಂತಿದ್ದರು.

"ನಲವತ್ತ ವರ್ಷ ಆತು, ನನಗ ಇನ್ನೂ ಅಂಜಿಕಿ ಐತಿ," ಎಂದರು.

ಅಂದು ಅವರ ಪಕ್ಕದಲ್ಲಿ ನಿಂತು ಹುಕ್ಕೇರಿಯ ಕಿಟಕಿಗಳಿಗೆ ಮೊದಲ ಮೂರು ಹಲಗೆ ಸೀಳಿದೆ. ಪ್ರತಿ ಸಲವೂ ಬೆನ್ನು ಬೆವರಿತು.