ಮೇಡಂ ಪಾದದ ಮೂರು ಅಳತೆ

ಮೂವತ್ತೆಂಟನೆಯ ವಯಸ್ಸಿನಲ್ಲಿ ನರ್ಸಿಂಗ್ ಶಾಲೆ ಸೇರಿದ ಆಕೆಗೆ ಮನೆಯವರು ಇಟ್ಟ ಹೆಸರು ಡಾಕ್ಟರಮ್ಮ. ಪ್ರೀತಿಯಿಂದ ಇಟ್ಟದ್ದು ಎಂದುಕೊಳ್ಳಬೇಡಿ, ಸಾಕಪ್ಪಾ ಸಾಕು ಅನ್ನಿಸಿ ಇಟ್ಟದ್ದು. ಹದಿನಾರು ವರ್ಷ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ ಆಗಿ ಬೆಡ್‌ಪ್ಯಾನ್ ಎತ್ತಿದವಳು, ಹಾಸಿಗೆ ಬದಲಿಸಿದವಳು, ಕೈ ಮುರಿದವರಿಗೆ ತಲೆ ಬಾಚಿದವಳು. ಇವಳು ಓದಿದರೆ ನರ್ಸ್ ಆಗಬಲ್ಲಳು ಎಂದು ದೊಡ್ಡ ನರ್ಸಮ್ಮನವರು ಮನಸ್ಸು ಮಾಡಿ, ಅದೇ ಕಾಂಪೌಂಡಿನಲ್ಲಿದ್ದ ಶಾಲೆಗೆ ಕಳಿಸಿದರು. ಎಲ್ಲದರಲ್ಲೂ ಪಾಸಾದಳು. ಒಂದರಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದಳು. ಮೂಳೆ, ಸ್ನಾಯು, ಗ್ರಂಥಿಗಳ ಕಾಯಿಲೆಗಳು ಮೈಯೊಳಗೆ ಹೇಗೆ ಹುಟ್ಟಿ ಹೇಗೆ ಬಲಿಯುತ್ತವೆ ಎನ್ನುವ ವಿಷಯ ಅದು. ಮೂರನೆಯ ಸಲವೂ ಹೋದರೆ ಮತ್ತೆ ಬಕೆಟ್ಟು, ಮತ್ತೆ ಬೆಡ್‌ಪ್ಯಾನು. ಇನ್ನೊಂದು ಅವಕಾಶ ಕೊಡುವ ನಿಯಮವೇ ಇರಲಿಲ್ಲ.

ಪುಸ್ತಕದ ಸಾಲು ಅವಳ ತಲೆಗೆ ಹತ್ತುತ್ತಿರಲಿಲ್ಲ. ಅದಕ್ಕೆ ಅವಳು ಕಂಡುಕೊಂಡ ಉಪಾಯ ಒಂದೇ: ಒಂದೊಂದು ಕಾಯಿಲೆಯನ್ನು ಒಬ್ಬೊಬ್ಬ ನೆಂಟರ ಕೊರಳಿಗೆ ಕಟ್ಟುವುದು. ಮಾವನ ಕಾಲಿನ ಹೆಬ್ಬೆರಳು ಊದಿಕೊಂಡಿದ್ದೇ ತಡ, ಯೂರಿಕ್ ಆಸಿಡ್ ಹರಳುಗಟ್ಟುವ ಗೌಟ್ ಅವಳಿಗೆ ಕಂಠಪಾಠವಾಯಿತು. ಕೀಲು ಸವೆಯುವ ಕಾಯಿಲೆಯೋ, ಮೈಯ ಕಾವಲುಪಡೆಯೇ ತಿರುಗಿಬಿದ್ದು ಕೀಲನ್ನು ಕಡಿಯುವ ಕಾಯಿಲೆಯೋ ಎಂದು ತಿಳಿಯಲು ಅತ್ತೆಯನ್ನು ಹಿಡಿದುಕೊಂಡಳು. ಮೊದಲನೆಯದಾದರೆ ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲಾಗಬೇಕು. ಎರಡನೆಯದಾದರೆ ಗಂಟೆ ದಾಟುತ್ತದೆ. ಅತ್ತೆ ಹಾಸಿಗೆಯಿಂದ ಎದ್ದ ಕೂಡಲೇ ಸೊಸೆ ಗಡಿಯಾರ ಹಿಡಿದು ಮುಂದೆ ಕೂರುತ್ತಿದ್ದಳು.

“ಒಲೆ ಮೇಲೆ ಹಾಲಿದೆ, ಬಿಡೇ ನನ್ನ!”

“ಇನ್ನೂ ಎಂಟು ನಿಮಿಷ ಇದೆ ಅತ್ತೆ. ಮಂಡಿ ಸಡಿಲ ಆಯ್ತಾ? ಸುಳ್ಳು ಹೇಳ್ಬೇಡಿ.”

ಹಾಲು ಉಕ್ಕಿತು. ಅತ್ತೆಯದು ಸವೆದ ಕೀಲು ಎಂಬುದೂ ಖಾತ್ರಿಯಾಯಿತು. ಅತ್ತೆಗೇನೋ ಒಳಗೊಳಗೇ ಹೆಮ್ಮೆ. ತನ್ನ ಮಂಡಿ ಪರೀಕ್ಷೆಗೆ ಹೋಗುತ್ತದಲ್ಲ! ವಾರಗಿತ್ತಿಯ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಿತು. ಅವಳ ದುಂಡು ಮುಖವನ್ನೂ ಕತ್ತಿನ ಹಿಂದಿನ ಕೊಬ್ಬನ್ನೂ ನೋಡಿ, “ನಿನಗೆ ಕುಶಿಂಗ್ ಬಂದಿದೆ, ಮೂತ್ರಪಿಂಡದ ಮೇಲಿರೋ ಗ್ರಂಥಿ ಕೆಟ್ಟಿದೆ” ಎಂದು ಊಟದ ನಡುವೆ ಘೋಷಿಸಿಬಿಟ್ಟಳು. ಪರೀಕ್ಷೆ ಮಾಡಿಸಿದರೆ ಏನೂ ಇಲ್ಲ. ಮೈದುನ ತಂದು ತಂದು ತಿನ್ನಿಸುತ್ತಿದ್ದ, ಅಷ್ಟೇ. ವಾರಗಿತ್ತಿ ಮೂರು ತಿಂಗಳು ಮಾತು ಬಿಟ್ಟಳು.

ಶಾಲೆಯ ಲೈಬ್ರರಿಯಲ್ಲಿ ನಡೆದದ್ದು ಇಷ್ಟು ಸುಲಭಕ್ಕೆ ಮುಗಿಯಲಿಲ್ಲ. ಅಲ್ಲಿದ್ದ ಲೈಬ್ರರಿಯನ್ನರ ಕಣ್ಣುಗಳು ಸ್ವಲ್ಪ ಹೊರಗೆ ಬಂದ ಹಾಗಿದ್ದವು. ಕಣ್ಣು ಹೊರಬರುವಂತೆ ಮಾಡುವ ಥೈರಾಯ್ಡ್ ಕಾಯಿಲೆಯ ಪಾಠ ಮುಗಿದ ಮರುದಿನ, ಪುಸ್ತಕ ವಾಪಸ್ ಕೊಡುವ ನೆಪದಲ್ಲಿ ನಮ್ಮ ಡಾಕ್ಟರಮ್ಮ ಮೇಜಿನ ಮೇಲೆ ಬಾಗಿ ಸೀದಾ ಅವರ ಕುತ್ತಿಗೆಗೇ ಕೈ ಹಾಕಿದಳು.

“ಏನಮ್ಮಾ ಇದು! ಕತ್ತು ಹಿಸುಕ್ತೀಯಾ?”

“ಇಲ್ಲ ಸಾರ್, ಒಂದ್ಸಲ ಎಂಜಲು ನುಂಗಿ. ಗಂಟು ಮೇಲೆ ಕೆಳಗೆ ಆಡುತ್ತಾ ನೋಡ್ತೀನಿ. ಕೈ ನಡುಗುತ್ತಾ?”

“ಈಗ ನಡುಗ್ತಾ ಇದೆ!”

ಅವರು ಮನೆಗೆ ಹೋಗಿ ತಮ್ಮ ತಂದೆಯ ಫೋಟೋ ತಂದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟರು. ಅದೇ ಕಣ್ಣು, ಅದೇ ನೋಟ. ಅಂದರೆ ಅದು ವಂಶದ ಆಸ್ತಿ. ಪ್ರಿನ್ಸಿಪಾಲರು ಇವಳಿಂದ ಬರೆಸಿಕೊಂಡರು: ‘ರೋಗಿಗಳಲ್ಲದವರಲ್ಲಿ ನಾನು ಇನ್ನು ಮುಂದೆ ರೋಗ ಹುಡುಕುವುದಿಲ್ಲ. ಮತ್ತೊಂದು ದೂರು ಬಂದರೆ ನನ್ನ ಪರೀಕ್ಷೆ ರದ್ದಾಗಲಿ.’ ಕೆಳಗೆ ಸಹಿ, ತಾರೀಖು.

ಅವಳು ಡುಮ್ಕಿ ಹೊಡೆದ ಆ ವಿಷಯ ಕಲಿಸುತ್ತಿದ್ದವರನ್ನು ಹುಡುಗಿಯರು ಮೂಳೆ ಮೇಡಂ ಎನ್ನುತ್ತಿದ್ದರು. ನಲವತ್ತಾರರ ಗಟ್ಟಿ ಹೆಂಗಸು. ದನಿ ಕೇಳಿದರೆ ಕೊನೆಯ ಬೆಂಚಿನಲ್ಲಿ ನಿದ್ದೆ ಹೋದವರೂ ಎದ್ದು ಕೂರಬೇಕು. ಇವಳನ್ನು ಎರಡು ಸಲವೂ ಮೌಖಿಕ ಪರೀಕ್ಷೆಯಲ್ಲಿ ಫೇಲು ಮಾಡಿದವರು ಅವರೇ. “ನಿನ್ನ ಉತ್ತರದಲ್ಲಿ ನಿನ್ನ ಅತ್ತೆ ಇದ್ದಾರೆ ಕಣಮ್ಮ, ಕಾಯಿಲೆ ಇಲ್ಲ. ಕಾಯಿಲೆ ಓದ್ಕೊಂಡು ಮನುಷ್ಯರನ್ನ ಹುಡುಕಬೇಡ. ಮೊದಲು ಮನುಷ್ಯರನ್ನ ನೋಡು” ಎಂದಿದ್ದರು. ಅವಳಿಗೆ ಅವರ ಮೇಲೆ ಕೋಪ ಬಂದಿತ್ತು, ನಿಜ ಹೇಳಬೇಕೆಂದರೆ ಶಾಪವನ್ನೂ ಹಾಕಿದ್ದಳು.

ಅವಳ ಗಂಡನದು ಶೂ ಹೊಲಿಯುವ ಅಂಗಡಿ. ಅವನದೊಂದು ಪದ್ಧತಿ. ಗಿರಾಕಿ ಬರಿಗಾಲಲ್ಲಿ ಕಂದು ಕಾಗದದ ಮೇಲೆ ನಿಲ್ಲಬೇಕು, ಇವನು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು, ಪಕ್ಕದಲ್ಲಿ ತಾರೀಖು ಹಾಕಬೇಕು. ಆ ಕಾಗದವನ್ನು ಸತ್ತರೂ ಬಿಸಾಡುವವನಲ್ಲ. ಬೈದರೆ ನಗುತ್ತಿದ್ದ, ಬಡಿದರೂ ನಗುತ್ತಿದ್ದನೇನೋ, ಆದರೆ ಅಳತೆ ತಪ್ಪಿದೆ ಎಂದರೆ ಮಾತ್ರ ತಡೆಯಲಾರ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅವಳು ಅಂಗಡಿಯ ಮೂಲೆಯಲ್ಲಿ ಕೂತು ಅತ್ತೆಯ ಮಂಡಿಯನ್ನು ಉರುಹೊಡೆಯುತ್ತಿದ್ದಾಗ ಮೂಳೆ ಮೇಡಂ ಹೊಸ ಶೂ ಕೈಯಲ್ಲಿ ಹಿಡಿದು ಒಳಗೆ ಬಂದರು. ಇವಳು ಚರ್ಮದ ರಾಶಿಯ ಹಿಂದೆ ಕುಗ್ಗಿ ಕೂತಳು.

“ಏನ್ರೀ ಇದು, ಈ ಸಲವೂ ಬಿಗಿ! ಅಳತೆ ತಗೊಳ್ಳುವಾಗ ಗಮನ ಎಲ್ಲಿರುತ್ತೆ?”

“ಹಳೇ ಅಳತೇಲೇ ಮಾಡಿ ಅಂತ ನೀವೇ ಫೋನ್ ಮಾಡಿದ್ರಿ ಮೇಡಂ.”

“ಹಾಗಾದ್ರೆ ಹಳೇ ಅಳತೇನೇ ತಪ್ಪು. ಮತ್ತೆ ತಗೊಳ್ಳಿ.”

ಅವನು ತುಟಿ ಕಚ್ಚಿಕೊಂಡು ಹೊಸ ಕಾಗದ ಹಾಸಿ ಗೆರೆ ಎಳೆದ. ಮೇಡಂ ಹೋದದ್ದೇ ತಡ, ಕಪಾಟಿನಿಂದ ಇನ್ನೆರಡು ಕಾಗದ ಎಳೆದು ಹೆಂಡತಿಯ ಮುಂದೆ ಹಾಕಿದ.

“ನೋಡು, ನೀನೇ ನೋಡು. ಇದು ನಾಲ್ಕು ವರ್ಷದ ಹಿಂದಿಂದು, ಇದು ಎರಡು ವರ್ಷದ ಹಿಂದಿಂದು, ಇದು ಇವತ್ತಿಂದು. ನನ್ನ ಪೆನ್ಸಿಲ್ ಬೆಳೀತೇನೇ? ಮಕ್ಕಳ ಕಾಲು ಬೆಳೆಯುತ್ತೆ, ಒಪ್ಪಿದೆ. ಈ ವಯಸ್ಸಲ್ಲಿ ಯಾರ ಕಾಲಾದ್ರೂ ಬೆಳೆಯುತ್ತಾ?”

ಅವಳು ಮೂರನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಗೆರೆಯ ಹೊರಗೆ ಗೆರೆ, ಅದರ ಹೊರಗೆ ಮತ್ತೊಂದು. ಪಾದ ಮೊದಲಿಗಿಂತ ಒಂದು ಬೆರಳಿನಷ್ಟು ಹೆಚ್ಚು ಅಗಲವಾಗಿತ್ತು. ಮೇಡಂ ಉಂಗುರ ಬೆರಳಿಗೆ ಹಿಡಿಸದೆ ಸರಕ್ಕೆ ಸೇರಿದ್ದು, ಬರೆಯುತ್ತ ಬರೆಯುತ್ತ ಚಾಕ್‌ಪೀಸ್ ಬೀಳಿಸಿ ಕೈ ಕೊಡವುವುದು, ಮುಂದಿನ ಹಲ್ಲುಗಳ ನಡುವೆ ಸಂದಿ ಬಿಟ್ಟಿದ್ದು, ವರ್ಷ ವರ್ಷಕ್ಕೆ ದಪ್ಪಗಾಗುತ್ತ ಬಂದ ಆ ದನಿ, ಎಲ್ಲವೂ ಸಾಲಾಗಿ ಬಂದು ನಿಂತವು. ಶಾಲೆಯ ವರಾಂಡದ ಗೋಡೆಯ ಮೇಲಿನ ಎಂಟು ವರ್ಷದ ಹಿಂದಿನ ಫೋಟೋದಲ್ಲಿ ಅವರ ದವಡೆ ಹೀಗಿರಲಿಲ್ಲ. ಇಷ್ಟು ದಿನ ಅವಳು ಕಾಯಿಲೆಗಳನ್ನು ಹುಡುಕಿಕೊಂಡು ಅಲೆದಿದ್ದಳು. ಇವತ್ತು ಹುಡುಕದೆಯೇ ಕಣ್ಣಿಗೆ ಬಿದ್ದಿತ್ತು, ಅದಕ್ಕೇ ಭಯವಾಯಿತು.

“ರೀ, ಇದು ನಿಮ್ಮ ತಪ್ಪಲ್ಲ. ಅವರಿಗೆ ಕಾಯಿಲೆ ಇದೆ.”

“ಅಯ್ಯೋ ಮಾರಾಯ್ತಿ, ಮತ್ತೆ ಶುರು ಮಾಡಿದ್ಯಾ! ಲೈಬ್ರರಿ ಸಾರ್ ಕಣ್ಣು ಮರೆತೋಯ್ತಾ?”

“ಇದು ಹಾಗಲ್ಲ ರೀ.”

“ಏನೇ ಇರ್ಲಿ. ನಾಳೆ ಬಾಯಿಗೆ ಬೀಗ ಹಾಕ್ಕೊಂಡು ಪಾಸಾಗು. ಫಲಿತಾಂಶ ಗೋಡೆಗೆ ಅಂಟಿಸಿದ ಮೇಲೆ ಹೇಳು. ಒಂದೂವರೆ ತಿಂಗಳಲ್ಲಿ ಏನು ಮುಳುಗಿಹೋಗುತ್ತೆ?”

ಏನು ಮುಳುಗಿಹೋಗಬಹುದು ಎಂದು ಅವಳಿಗೆ ಗೊತ್ತಿತ್ತು. ಆದರೂ ತಲೆಯಾಡಿಸಿದಳು. ಬಿಳಿ ಸಮವಸ್ತ್ರದ ಆಸೆ ಅಷ್ಟಿತ್ತು.

ಮರುದಿನ ಪರೀಕ್ಷೆಯ ಕೋಣೆಗೆ ಹೋಗುವಾಗ ಮೂಳೆ ಮೇಡಂ ಭುಜ ಬಾಗಿಲ ಚೌಕಟ್ಟಿಗೆ ಧಡ್ ಎಂದು ಬಡಿಯಿತು. “ಬಾಗಿಲೂ ದಾರಿ ಬಿಡಬೇಕು ನೋಡು ಇವರಿಗೆ” ಎಂದು ಹುಡುಗಿಯರು ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು. ಅವಳಿಗೆ ನಗು ಬರಲಿಲ್ಲ.

ಒಳಗೆ ಮೇಜಿನ ಹಿಂದೆ ಇಬ್ಬರು. ಒಬ್ಬರು ಮೇಡಂ. ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ವಯಸ್ಸಾದ ಡಾಕ್ಟರು, ಮುಖ ನೋಡಿದರೆ ಒಳ್ಳೆಯವರ ಹಾಗಿದ್ದರು.

“ನೀವು ಕಂಡ ಒಬ್ಬ ರೋಗಿಯ ವಿಷಯ ಹೇಳಿ” ಎಂದರು ಡಾಕ್ಟರು.

“ಅರವತ್ತೆಂಟು ವರ್ಷದ ಹೆಂಗಸು ಸಾರ್. ಬಲ ಮಂಡಿ…”

“ಬಂದ್ರಪ್ಪ ಅತ್ತೆ!” ಎಂದು ಮೇಡಂ ಪೆನ್ ಎತ್ತಿಕೊಂಡರು. ಪೆನ್ ಜಾರಿ ಮೊಣಕೈ ಪಕ್ಕಕ್ಕೆ ಉರುಳಿತು. ಎದುರಿಗಿದ್ದ ಕಾಗದಗಳನ್ನೆಲ್ಲ ಎತ್ತಿ ಎತ್ತಿ ಹುಡುಕಿದರು. ಗೇಣು ದೂರದಲ್ಲೇ ಇದ್ದರೂ ಅವರಿಗೆ ಕಾಣಲಿಲ್ಲ. ಒಂದೂವರೆ ತಿಂಗಳು ಕಾಯುವ ಕೆಲಸವಲ್ಲ ಇದು.

“ಅಲ್ಲ ಸಾರ್. ಬೇರೆ ರೋಗಿ. ನಲವತ್ತಾರು ವರ್ಷದವರು. ಶೂ ಬಿಗಿಯಾಯ್ತು ಅಂತ ಶೂ ಹೊಲಿಯೋನಿಗೆ ಬೈಯೋಕೆ ಬಂದಿದ್ರು.”

ಡಾಕ್ಟರು ಕುರ್ಚಿಯ ತುದಿಗೆ ಬಂದರು. “ಮುಂದೆ?”

“ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರೋ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಸಾರ್. ಬೆಳವಣಿಗೆಯ ಹಾರ್ಮೋನು ವಿಪರೀತ ಸುರೀತಿದೆ. ದೊಡ್ಡವರಿಗೆ ಉದ್ದ ಮೂಳೆಗಳ ತುದಿ ಮುಚ್ಚಿಹೋಗಿರುತ್ತೆ, ಎತ್ತರ ಆಗೋ ಹಾಗಿಲ್ಲ. ಅದಕ್ಕೇ ಪಾದ, ಕೈ, ದವಡೆ ದಪ್ಪ ಆಗುತ್ತೆ. ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುತ್ತೆ. ಉಂಗುರ ಹಿಡಿಸಲ್ಲ.”

“ಭೇಷ್! ಆಕ್ರೋಮೆಗಲಿ!” ಡಾಕ್ಟರು ಮೇಜು ತಟ್ಟಿದರು. “ಹತ್ತು ವರ್ಷದಿಂದ ಅಂಥ ಒಬ್ಬ ರೋಗಿ ನನ್ನ ಕಣ್ಣಿಗೆ ಬಿದ್ದಿಲ್ಲ ನೋಡಮ್ಮ!” ರೋಗಿ ಅವರ ಮೊಣಕೈಗೆ ತಾಗುವಷ್ಟು ಹತ್ತಿರ ಕೂತಿದ್ದರು. “ತಡ ಮಾಡಿದ್ರೆ?” ಎಂದು ಡಾಕ್ಟರು ಅವಳನ್ನು ಕೇಳಿದರು.

“ಗಡ್ಡೆ ಮೇಲಕ್ಕೆ ಬೆಳೆದು ಕಣ್ಣಿನ ನರಗಳು ದಾಟೋ ಜಾಗ ಒತ್ತುತ್ತೆ ಸಾರ್. ಅಕ್ಕಪಕ್ಕದ ನೋಟ ಮೊದಲು ಹೋಗುತ್ತೆ. ಬಾಗಿಲ ಚೌಕಟ್ಟು ಕಾಣಲ್ಲ. ಪಕ್ಕಕ್ಕೆ ಬಿದ್ದ ಪೆನ್ ಕಾಣಲ್ಲ.”

ಮೇಡಂ ಎರಡೂ ಕೈಗಳನ್ನು ನಿಧಾನವಾಗಿ ಮೇಜಿನ ಕೆಳಗೆ ಇಳಿಸಿದರು.

“ರೋಗಿಗೆ ಹೇಳಿದೀಯಾ?” ಆ ಗಟ್ಟಿ ದನಿ ಎಲ್ಲಿಗೆ ಹೋಯಿತೋ.

“ಇಲ್ಲ ಮೇಡಂ.”

“ಯಾಕೆ?”

“ಪ್ರಿನ್ಸಿಪಾಲರಿಗೆ ಬರೆದು ಕೊಟ್ಟಿದ್ದೆ.” ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. “ಅದು ನೆಪ ಮೇಡಂ. ನನಗೆ ಪಾಸಾಗಬೇಕಿತ್ತು. ನಿನ್ನೆಯೇ ಹೇಳಬೇಕಿತ್ತು, ಹೇಳಲಿಲ್ಲ.”

ಆಗ ಡಾಕ್ಟರು ಮೊದಲ ಸಲ ಪಕ್ಕಕ್ಕೆ ತಿರುಗಿದರು. ಕನ್ನಡಕ ಕೆಳಗಿಳಿಸಿ ದವಡೆ ನೋಡಿದರು, ಸರದಲ್ಲಿ ತೂಗುತ್ತಿದ್ದ ಉಂಗುರ ನೋಡಿದರು. ಅವರ ಮುಖದ ನಗು ಆರಿಹೋಯಿತು.

“ಹೊರಗೆ ಕೂತಿರು” ಎಂದರು ಮೇಡಂ.

ಹೊರಗಿನ ಬೆಂಚಿನಲ್ಲಿ ಕೂತ ಅವಳು ಕೆಟ್ಟೆ ಎಂದುಕೊಂಡಳು. ಲೈಬ್ರರಿಯನ್ನರ ಕುತ್ತಿಗೆ ಹಿಡಿದದ್ದಕ್ಕೇ ಬರೆಸಿಕೊಂಡವರು, ಪರೀಕ್ಷಕರನ್ನೇ ಪರೀಕ್ಷೆ ಮಾಡಿದವಳನ್ನು ಬಿಡುತ್ತಾರೆಯೇ? ಅತ್ತೆಯ ಮಂಡಿ ಹೇಳಿಕೊಂಡು ಸುಮ್ಮನೆ ಎದ್ದು ಬರಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು. ಮರುಕ್ಷಣವೇ ಆ ಪೆನ್ ನೆನಪಾಗಿ ನಾಚಿಕೆಯೂ ಆಯಿತು. ಉಳಿದ ನಾಲ್ಕು ಹುಡುಗಿಯರ ಸರದಿ ಮುಗಿದ ಮೇಲೆ ಮೇಡಂ ಹೊರಗೆ ಬಂದರು. ಕೈಯಲ್ಲಿ ಡಾಕ್ಟರು ಬರೆದ ಚೀಟಿ: ರಕ್ತಪರೀಕ್ಷೆ, ತಲೆಯ ಸ್ಕ್ಯಾನು, ಇವತ್ತೇ.

ಅವಳು ಎದ್ದು ನಿಂತಳು. “ತಪ್ಪಾಯ್ತು ಮೇಡಂ.”

“ನಿನ್ನ ಅಂಕ ನಾನು ಹಾಕಲಿಲ್ಲ. ರೋಗಿ ಅಂಕ ಹಾಕೋ ಹಾಗಿಲ್ಲ ಅಂತ ಪೆನ್ ಅವರ ಕೈಗೇ ಕೊಟ್ಟೆ. ಪಾಸಾಗಿದೀಯ.” ಮೇಡಂ ಚೀಟಿಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. “ಇಪ್ಪತ್ತು ವರ್ಷದಿಂದ ಇದನ್ನೇ ಪಾಠ ಮಾಡ್ತಿದೀನಿ. ದಿನಾ ಕನ್ನಡಿ ನೋಡ್ಕೋತೀನಿ. ಗೊತ್ತಾಗಲಿಲ್ಲ ನೋಡು.”

ಉದ್ದನೆಯ ವರಾಂಡದ ಕೊನೆಯಲ್ಲಿ ಸ್ಕ್ಯಾನ್ ಕೋಣೆಯ ಬಾಗಿಲು ತೆರೆದಿತ್ತು. ಮೇಡಂ ಎರಡು ಹೆಜ್ಜೆ ನಡೆದು ನಿಂತರು, ತಿರುಗಿ ತಮ್ಮ ದಪ್ಪ ಕೈಯನ್ನು ಅವಳತ್ತ ಚಾಚಿದರು.

“ಹೆದರಿಕೆ ಆಗ್ತಿದೆ ಕಣೇ. ಜತೇಲಿ ಬಾ, ಸಿಸ್ಟರ್.”