ಹತ್ತೂವರೆ ತಾಸಿನ ಲಂಡನ್

ಅಟ್ಟೂರಿನ ನಿವೃತ್ತ ಭೂಗೋಳ ಮೇಷ್ಟ್ರು ಸಿದ್ರಾಮಪ್ಪ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೂ ಬೆಂಗಳೂರಿನಿಂದ ಯಾವ ಊರಿಗೆ ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಎಂದು ಕೇಳದವರಿಗೂ ಹೇಳುತ್ತಿದ್ದರು.

ಲಂಡನ್ನಿನ ಕನ್ನಡಿಗರು ಹಬ್ಬಕ್ಕೆ ಜೋಳದ ರೊಟ್ಟಿ ಬಡಿಯಲು ಅವರ ಹೆಂಡತಿ ಗಂಗಾದೇವಿಯನ್ನು ಕರೆಸಿಕೊಂಡರು. "ಎಂಟು ಸಾವಿರ ಕಿಲೋಮೀಟರ್, ಹತ್ತೂವರೆ ತಾಸು," ಎಂದು ಹೇಳಿ ಮೇಷ್ಟ್ರು ಕಳಿಸಿಕೊಟ್ಟರು.

ವಾರದ ನಂತರ ಮರಳಿದ ಆಕೆ, "ಹೋಗುವಾಗ ಹದಿಮೂರು ತಾಸು ಆತ್ರೀ, ಸುತ್ತು ಹಾಕಿ ಒಯ್ದ್ರು," ಎಂದರು.

"ಆಗೂದೇ ಇಲ್ಲ. ನಿನಗ ಗಡಿಯಾರ ನೋಡಾಕ ಬರೂದಿಲ್ಲ!"

"ವಿಮಾನದಾಗ ಕುಂತಾಕಿ ನಾನ್ರೀ."

"ಕುಂತ್ರ ಏನಾತು? ಓದಿದಾಂವ ನಾನು."

ಸಂಜೆ ಪುಟ್ಟೇನಹಳ್ಳಿ ಕೆರೆಯ ಬಳಿ ಗೆಳೆಯರು ಪ್ರಯಾಣದ ಬಗ್ಗೆ ಕೇಳಿದರು. ಗಂಗಾದೇವಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಲಂಡನ್ನನ್ನು ವರ್ಣಿಸತೊಡಗಿದರು. ಆಕೆ ಅವರನ್ನು ಅಲ್ಲೇ ಬಿಟ್ಟು ಮನೆಗೆ ನಡೆದರು.