ಹತ್ತೊಂಬತ್ತನೆಯ ಮುಚ್ಚಳ

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನ ಹುಟ್ಟುಗುಣ ಅನುಮಾನ. "ಫುಸಾಎ, ನೀನು ಸತ್ತ ಮೇಲೆ ಬುದ್ಧನೇ ಎದುರಿಗೆ ಬಂದ್ರೂ ಗುರುತಿನ ಚೀಟಿ ತೋರ್ಸು ಅಂತೀಯ" ಎಂದು ನನ್ನ ಗಂಡ ನಗುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಬಿಟ್ಟು ಹೋದದ್ದು ಒಂದು ಮನೆ. ಉರಾಜಾಕ ಊರಿನ ಇಳಿಜಾರಿನಲ್ಲಿ, ಕಲ್ಲಿನ ಗೋಡೆಯ ಮೇಲೆ, ಅಡುಗೆಮನೆಯ ಕಿಟಕಿಯಿಂದ ಬಂದರಿನ ಹಡಗು ಕಾಣುವ ಮನೆ. ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಬಾರದು, ಅಷ್ಟೇ ನನಗಿದ್ದ ಆಸೆ.

ಕಿತ್ತುಕೊಳ್ಳುವವರು ಇದ್ದರು. ಪಕ್ಕದ ಓಣಿಯಲ್ಲಿ ಆಂಬುಲೆನ್ಸ್ ಬರಲು ದಾರಿ ಮಾಡುತ್ತೇವೆಂದು ನಗರಸಭೆಯವರು ಅಳತೆ ತೆಗೆದು, ಎರಡು ಮನೆ ಕೆಡವಿ, ಮೆಟ್ಟಿಲಿದ್ದಲ್ಲಿ ರಸ್ತೆ ಮಾಡಿದ್ದರು. ದುಡ್ಡು ಕೊಟ್ಟರಂತೆ, ಬೇರೆ ಕಡೆ ಜಾಗವನ್ನೂ ಕೊಟ್ಟರಂತೆ. ಯಾರಿಗೆ ಬೇಕು? ಅಂದಿನಿಂದ ನಮ್ಮ ಓಣಿಯಲ್ಲಿ ಯಾರಾದರೂ ಟೇಪು ಹಿಡಿದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಬಂದವನು ಕುಸುಮೊತೊ ತೊಕುಜಿ.

ಕೆಳಗಿನ ಪೇಟೆಯಲ್ಲಿ ಊರವರು ದುಡ್ಡು ಕೊಟ್ಟು ಮೀಯುವ ಸ್ನಾನದ ಮನೆಯಲ್ಲಿ ಮೂವತ್ತೆಂಟು ವರ್ಷ ಒಲೆ ಉರಿಸಿದ ಮನುಷ್ಯ. ಸ್ನಾನದ ಮನೆ ಮುಚ್ಚಿತು, ಹಿಂದಿನ ಕೋಣೆಯಲ್ಲಿದ್ದವನಿಗೆ ಸೂರು ಹುಡುಕುವ ಗತಿ ಬಂತು, ನಮ್ಮ ಓಣಿಯ ತುದಿಯ ಮನೆ ಬಾಡಿಗೆಗೆ ಹಿಡಿದ. ಹೆಂಡತಿ ಇಲ್ಲ, ಬೆಕ್ಕೂ ಇಲ್ಲ. ಎಪ್ಪತ್ತಾರು ವರ್ಷ, ಹುಬ್ಬು ಅರ್ಧ ಸುಟ್ಟಿದೆ, ಅವನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನಾವು ಅನ್ನ ಬೇಯಿಸಿ ಇಳಿಸಬಹುದು. ಬಂದ ದಿನ ಮನೆಮನೆಗೂ ಒಂದೊಂದು ಟವೆಲು ಕೊಟ್ಟ, ಸ್ನಾನದ ಮನೆಯ ಹೆಸರು ಅಚ್ಚಾದ ಹಳೆ ದಾಸ್ತಾನು. ಬೇರೆಯವರೆಲ್ಲ ಒರೆಸಿಕೊಂಡರು. ನಾನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಿಚ್ಚದೆ ಬೀರುವಿನೊಳಗಿಟ್ಟೆ. ಬಿಟ್ಟಿ ಬಂದದ್ದಕ್ಕೆ ಬಾಲ ಇರುತ್ತದೆ.

ನಮ್ಮಲ್ಲಿ ಚರಂಡಿ ಓಣಿಯ ಅಂಚಿಗೇ ಹರಿಯುತ್ತದೆ, ಮೇಲೆ ಕಾಂಕ್ರೀಟಿನ ಮುಚ್ಚಳಗಳು, ತುದಿಯಿಂದ ಬುಡದವರೆಗೆ ಮೂವತ್ತನಾಲ್ಕು. ವರ್ಷಕ್ಕೆ ಎರಡು ಭಾನುವಾರ ಮನೆಗೊಬ್ಬರಂತೆ ಸೇರಿ ಮುಚ್ಚಳ ಎತ್ತಿ ಕೆಸರು ತೆಗೆಯುತ್ತೇವೆ. ಕೊಕ್ಕೆ, ಚೀಲ ನಗರಸಭೆಯದು, ಬೆನ್ನು ನಮ್ಮದು. ತುಂಬಿದ ಚೀಲಗಳನ್ನು ಅವರ ಲಾರಿ ಒಯ್ಯುತ್ತದೆ. ಹನ್ನೆರಡು ವರ್ಷದಿಂದ ಓಣಿಯ ಶುಚಿತ್ವಕ್ಕೆ ನಾನೇ ಮುಖ್ಯಸ್ಥೆ. ನಮ್ಮ ಚೀಲಗಳಲ್ಲಿ ಕೆಸರು ಬಿಟ್ಟು ಒಂದು ಸಿಗರೇಟಿನ ತುಂಡೂ ಸಿಗುವುದಿಲ್ಲ ಎಂದು ಲಾರಿಯವರೇ ಹೇಳುತ್ತಾರೆ.

ಕುಸುಮೊತೊ ಮಾತ್ರ ಭಾನುವಾರಕ್ಕೆ ಕಾಯಲಿಲ್ಲ. ಮಳೆ ಬಂದು ನಿಂತರೆ ಸಾಕು, ಕೊಕ್ಕೆ ಹಿಡಿದು ಹೊರಟ. ಮುಚ್ಚಳಗಳಿಗೆಲ್ಲ ಸೀಮೆಸುಣ್ಣದಲ್ಲಿ ನಂಬರು ಬರೆದ. ಒಂದನೆಯದನ್ನು ಎತ್ತಿ ಬಾಟಲಿಯ ಬಿರಡೆಯೊಂದನ್ನು ತೇಲಿಬಿಟ್ಟು, ಗಡಿಯಾರ ನೋಡುತ್ತ ಇಳಿದು, ಇನ್ನೊಂದನ್ನು ಎತ್ತಿ, ಕಡ್ಡಿ ಇಳಿಸಿ ಅಳೆದು, ಪುಸ್ತಕದಲ್ಲಿ ಬರೆದ. ನನ್ನ ಬಾಗಿಲ ಎದುರಿನದು ಹತ್ತೊಂಬತ್ತನೆಯದು. ಅಲ್ಲಿ ಬಂದಾಗಲೆಲ್ಲ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ನಾನು ಪರದೆಯ ಹಿಂದೆ ನಿಂತು ನೋಡುತ್ತಿದ್ದೆ, ಮೈಯೆಲ್ಲ ಕಣ್ಣಾಗಿ.

ಒಂದು ಬೆಳಿಗ್ಗೆ ಕೆಳಗಿನ ಓಣಿಗೂ ಬಂದ. ನನ್ನ ಕಲ್ಲಿನ ಗೋಡೆಯ ಬುಡ ಇರುವುದು ಅಲ್ಲಿ. ಕಲ್ಲುಗಳ ಸಂದಿಯಿಂದ ಸಣ್ಣ ಮರಳು ಉದುರುತ್ತದೆ, ನಾನು ದಿನಾ ಆರಕ್ಕೆ ಇಳಿದು ಗುಡಿಸುತ್ತೇನೆ. ಗಂಡನ ಮನೆಯ ಬುಡ ಕೊಳಕಾಗಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

"ಇವನಾಗಾ-ಸಾನ್," ಎಂದು ನನ್ನ ಮನೆತನದ ಹೆಸರು ಹಿಡಿದು ಮರ್ಯಾದೆಯಿಂದ ಕರೆದ. "ಈ ಮರಳು... ಸ್ವಲ್ಪ ದಿನ... ಗುಡಿಸದೆ ಬಿಡೋಕಾಗತ್ತಾ?"

"ಯಾಕೆ? ಯಾರಿಗೆ ತೋರ್ಸಬೇಕು?"

"ನಗರಸಭೆಯವ್ರು ನೋಡಿದ್ರೆ... ಮೇಲಿಂದ ಹೋಗೋ ನೀರು ಕೆಳಗೆ ಪೂರ್ತಿ ಬರ್ತಿಲ್ಲ. ಎಲ್ಲೋ..."

"ನೀರು ನಿಮ್ಮ ಸ್ನಾನದ ಮನೇದಲ್ಲ ಕಣ್ರೀ, ನೀವ್ಯಾಕೆ ಲೆಕ್ಕ ಇಡ್ತೀರಿ? ನನ್ನ ಮನೆ ಬುಡ ಗಲೀಜು ಅಂತ ಅವ್ರಿಗೆ ತೋರ್ಸಿ, ಇದು ಹಾಳು ಬಿದ್ದಿದೆ, ಕೆಡವಿ ಅಂತ ಹೇಳ್ಬೇಕಾ?"

ಅವನು ಬಾಯಿ ತೆರೆದ. ಅವನ ಮಾತು ಹೊರಬರುವಷ್ಟರಲ್ಲಿ ನಾನು ಮೂರು ಮೊರ ಗುಡಿಸಿ ಬಕೆಟ್ಟಿಗೆ ಸುರಿದು ಮೆಟ್ಟಿಲು ಹತ್ತಿದ್ದೆ. ಮರುದಿನವೂ ಬಂದ, ಆಮೇಲೂ ಬಂದ. ದೂರ ನಿಂತು ನಾನು ಗುಡಿಸುವುದನ್ನು ನೋಡಿ ಹೋಗುತ್ತಿದ್ದ.

ಕ್ಷೌರದಂಗಡಿಯ ಉರಾಕಾವಾ ಕಿಮಿಕೊ ನನ್ನ ಸುದ್ದಿಪೆಟ್ಟಿಗೆ. ಅವಳೇ ಓಡಿ ಬಂದು ಹೇಳಿದಳು.

"ಅಕ್ಕಾ, ನಿನ್ನೆ ನಗರಸಭೆ ಲೋಕೋಪಯೋಗಿ ಕಚೇರಿಯ ಒಬ್ಬ ಹೆಂಗಸು ಬಂದಿದ್ಳು, ಹಮಾಬೆ ಅಂತ, ಬಿಳಿ ಹೆಲ್ಮೆಟ್ಟು. ನಿಮ್ಮ ಕುಸುಮೊತೊ ಅವಳಿಗೆ ಪುಸ್ತಕ ತೋರಿಸ್ತಿದ್ದ."

"ನಮ್ಮ ಕುಸುಮೊತೊ ಯಾವಾಗ ಆದ? ಏನಂದ್ಳು?"

"ಇನ್ನೂ ಬರೀರಿ, ಒಂದು ವರ್ಷದ್ದು ಬೇಕು, ಖಚಿತ ಆಗೋವರ್ಗೂ ಯಾರನ್ನೂ ಹೆದರಿಸ್ಬೇಡಿ ಅಂದ್ಳು. ನಾನು ಕತ್ತರಿ ನಿಲ್ಸಿ ಕೇಳ್ದೆ. ಗಿರಾಕಿ ಕಿವಿ ಉಳೀತು ಪುಣ್ಯಕ್ಕೆ."

ಹೆದರಿಸಬೇಡಿ! ಇನ್ನೇನು ಬೇಕು? ನನ್ನ ಮನೆ ಕೆಡವುವ ಸಂಚೇ ಇದು. ಆ ಸಂಜೆಯೇ ಸುತ್ತೋಲೆಯ ಹಲಗೆಗೆ ಒಂದು ಕಾಗದ ಸಿಕ್ಕಿಸಿದೆ. ಅದು ಮನೆಯಿಂದ ಮನೆಗೆ ಹೋಗುತ್ತದೆ, ಓದಿದವರು ತಮ್ಮ ಹೆಸರಿನ ಮುದ್ರೆ ಒತ್ತಿ ಪಕ್ಕದವರಿಗೆ ಕೊಡುತ್ತಾರೆ. "ಶುಚಿತ್ವದ ದಿನ ಬಿಟ್ಟು ಬೇರೆ ದಿನ ಯಾರೂ ಚರಂಡಿಯ ಮುಚ್ಚಳ ತೆರೆಯಬಾರದು. ಕೊಕ್ಕೆ ಮುಖ್ಯಸ್ಥೆಯ ವಶದಲ್ಲಿರತಕ್ಕದ್ದು." ಹಲಗೆ ತಿರುಗಿ ಬಂದಾಗ ಇಪ್ಪತ್ತೆರಡು ಮುದ್ರೆಗಳಿದ್ದವು. ಕೊನೆಯದು ಅವನದು, ಒಂದಿಷ್ಟೂ ಓರೆಯಿಲ್ಲದೆ ಒತ್ತಿದ್ದ. ಸಾಲದ್ದಕ್ಕೆ ಕೊಕ್ಕೆಯನ್ನು ತಿಕ್ಕಿ ತೊಳೆದು ತಂದು ಬಾಗಿಲಿಗೆ ಒರಗಿಸಿ ಹೋಗಿದ್ದ. ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದು ಅದಕ್ಕೂ ಅನುಮಾನಪಟ್ಟೆ.

ಸರಿಯಾಗಿಯೇ ಪಟ್ಟಿದ್ದೆ. ಮುಂದಿನ ಮಳೆಗೆ ಅವನು ಮುಚ್ಚಳ ಮುಟ್ಟಲಿಲ್ಲ. ಓಣಿಯಲ್ಲಿ ಬೋರಲು ಮಲಗಿ, ಹತ್ತೊಂಬತ್ತನೆಯದರ ಮೇಲೆ ಕಿವಿ ಇಟ್ಟ. ಮೂವತ್ತೆಂಟು ವರ್ಷ ಕೊಳವೆಯೊಳಗಿನ ನೀರನ್ನು ಸದ್ದಿನಲ್ಲೇ ಅಳೆದ ಕಿವಿ ಅದು. ಆಗ ನನಗೆ ಕಂಡದ್ದು ಮಾತ್ರ ನನ್ನ ಹೊಸ್ತಿಲಲ್ಲಿ ಬಿದ್ದುಕೊಂಡ ಗೂಢಚಾರ.

"ಏನು, ಅಲ್ಲಿ ಯಾರಾದ್ರೂ ಫೋನು ಮಾಡ್ತಿದಾರಾ?" ಎಂದು ಕಿಟಕಿಯಿಂದ ಕೂಗಿದೆ.

ಅವನು ಎದ್ದು ಮಂಡಿ ಒರೆಸಿಕೊಂಡು ತಲೆ ಬಾಗಿಸಿ ಹೋದ.

ಜೂನಿನ ಮೊದಲ ಭಾನುವಾರ ಶುಚಿತ್ವದ ದಿನ. ಮಳೆಗಾಲಕ್ಕೆ ಮುಂಚೆ ಒಮ್ಮೆ ನೋಡಿ ಹೋಗಲು ಸೋಮವಾರ ಹಮಾಬೆ ಪರೀಕ್ಷೆಗೆ ಬರುತ್ತಾಳೆಂದು ಪತ್ರ ಬಂದಿತ್ತು. ನಗರಸಭೆಯವರು ಬರುತ್ತಾರೆಂದರೆ ಓಣಿಯವರು ಸುಮ್ಮನಿರುತ್ತಾರೆಯೇ? ಬೇರೆ ವರ್ಷ ಕೆಸರಷ್ಟೇ ತೆಗೆಯುತ್ತಿದ್ದೆವು. ಆ ವರ್ಷ ಚರಂಡಿಯ ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಿದೆವು. ಮುಚ್ಚಳಗಳನ್ನು ಸೋಪು ಹಾಕಿ ಉಜ್ಜಿದೆವು, ಸೀಮೆಸುಣ್ಣದ ಒಂದು ಗೆರೆಯೂ ಉಳಿಯಲಿಲ್ಲ. ಹತ್ತೊಂಬತ್ತರ ಕೆಳಗೆ ತಳದಲ್ಲಿ ಒಂದು ಬಿರುಕು ಕಂಡಿತು. ನೋಡಲು ಅಸಹ್ಯವೆಂದು ಕಿಮಿಕೊಳ ಗಂಡ ಅದರ ಮೇಲೆ ಸಿಮೆಂಟು ಬಳಿದು ನಯ ಮಾಡಿದ. ನಾನು ಕೆಳಗಿನ ಓಣಿಗಿಳಿದು ಗೋಡೆಯ ಬುಡದ ಮರಳನ್ನು ಸಂದಿಗಳಿಂದಲೂ ಕೆದಕಿ ತೆಗೆದೆ. ನಾಲ್ಕು ಚೀಲ ತುಂಬಿತು.

ಕುಸುಮೊತೊ ಮೆಟ್ಟಿಲ ಮೇಲೆ ನಿಂತಿದ್ದ. "ಇವನಾಗಾ-ಸಾನ್, ಆ ಚೀಲ... ಒಂದಾದ್ರೂ..."

"ಇವತ್ತು ಶುಚಿತ್ವದ ದಿನ, ನಿಂತು ನೋಡೋ ದಿನ ಅಲ್ಲ. ಹೊರಿ!"

ಅವನು ಬಗ್ಗಿ ಚೀಲ ಹೆಗಲಿಗೇರಿಸಿದ. ಎಲ್ಲರೂ ದುಡಿಯುವ ದಿನ ಕೈಕಟ್ಟಿ ನಿಲ್ಲುವುದು ಅವನಿಂದಾಗಲಿಲ್ಲ. ನಾಲ್ಕನ್ನೂ ಅವನೇ ಹೊತ್ತು ಲಾರಿಗೆ ಹಾಕಿದ.

ಸೋಮವಾರ ಬಿಸಿಲು. ಹಮಾಬೆ ಬಂದಳು, ನಲವತ್ತರ ಹೆಂಗಸು, ಗಟ್ಟಿ ಬೂಟು. ಪುಸ್ತಕದಲ್ಲಿ ಏನಿದೆಯೋ ಅದು ಯಾವುದೂ ಅವಳಿಗೆ ಸಿಗಲಿಲ್ಲ. ಒಣಗಿದ, ಥಳಥಳಿಸುವ ಚರಂಡಿ. ತೊಳೆದ ಕಲ್ಲಿನ ಗೋಡೆ.

"ಇಷ್ಟು ಚೊಕ್ಕಟವಾದ ಓಣಿ ನಾನು ನೋಡೇ ಇಲ್ಲ," ಎಂದಳು. ನಾನು ಉಬ್ಬಿಹೋದೆ. ಆಮೇಲೆ ನನ್ನ ಕಡೆ ತಿರುಗಿ, "ಗೋಡೆಯಿಂದ ಮರಳು ಬೀಳತ್ತೆ ಅಂತ ಕುಸುಮೊತೊ ಅವ್ರು ಹೇಳಿದಾರೆ. ನೀವು ಮನೆಯವ್ರು, ನೀವೇ ಹೇಳಿ. ಬೀಳತ್ತಾ?"

ಎಲ್ಲರೂ ನನ್ನನ್ನು ನೋಡಿದರು. ಅವನೂ ನೋಡಿದ.

"ಒಂದು ಕಾಳು ಮರಳೂ ಬಿದ್ದಿಲ್ಲ," ಎಂದೆ. "ನಮ್ಮೆಜಮಾನ್ರು ಕಟ್ಟಿಸಿದ ಗೋಡೆ ಇದು."

ಅವಳು ಬರೆದುಕೊಂಡಳು: ದೋಷ ಕಂಡುಬಂದಿಲ್ಲ. ಕುಸುಮೊತೊ ಅವಳಿಗೂ ತಲೆ ಬಾಗಿಸಿದ, ನನಗೂ ಬಾಗಿಸಿದ. ಗೆದ್ದೆ ಎಂದುಕೊಂಡು ಆ ದಿನ ನಾನು ಸಿಹಿ ಹುರುಳಿಯ ಉಂಡೆ ಮಾಡಿ ಗಂಡನ ಫೋಟೋದ ಮುಂದಿಟ್ಟೆ.

ಮಳೆ ಶುರುವಾದದ್ದು ಒಂಬತ್ತು ದಿನ ಕಳೆದು. ಎರಡು ದಿನ ಬಿಡದೆ ಸುರಿಯಿತು. ಮೂರನೆಯ ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದ ಸದ್ದು. ಸರಪಳಿ ತೆಗೆಯದೆ ಸಂದಿಯಿಂದ ನೋಡಿದೆ. ಕುಸುಮೊತೊ, ತಲೆಯಿಂದ ಕಾಲಿನವರೆಗೆ ತೊಯ್ದಿದ್ದ.

"ಹೊರಗೆ ಬನ್ನಿ," ಎಂದ. ಅವನ ಬಾಯಿಂದ ಅಷ್ಟು ಬೇಗ ಮಾತು ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಸದ್ದು ಬದಲಾಗಿದೆ. ಗೋಡೆ ನಿಲ್ಲಲ್ಲ."

"ನನ್ನನ್ನ ಹೊರಗೆ ಹಾಕೋಕೆ ಇದೊಂದು ಬಾಕಿ ಇತ್ತಾ? ಹೋಗ್ರೀ!" ಬಾಗಿಲು ಹಾಕಿದೆ. ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಸಾರಿಗೆ ನೀರಿಟ್ಟೆ.

ಆಗ ಕೇಳಿಸಿತು. ಕಬ್ಬಿಣ ಕಾಂಕ್ರೀಟಿಗೆ ಉಜ್ಜುವ ಸದ್ದು, ಹನ್ನೆರಡು ವರ್ಷದಿಂದ ನನ್ನ ಕಿವಿ ಬಲ್ಲ ಸದ್ದು. ಯಾರೋ ಮುಚ್ಚಳ ಎತ್ತುತ್ತಿದ್ದಾರೆ. ನನ್ನ ಬಾಗಿಲಲ್ಲೇ, ಸುತ್ತೋಲೆ ಹೊರಡಿಸಿ ಇಪ್ಪತ್ತೆರಡು ಮುದ್ರೆ ಬಿದ್ದ ಮೇಲೆ! ಒಲೆ ಆರಿಸಿ, ಛತ್ರಿಯನ್ನೂ ಹಿಡಿಯದೆ, ಸರಪಳಿ ಕಿತ್ತು ಓಣಿಗೆ ನುಗ್ಗಿದೆ.

ಅವನು ಸ್ನಾನದ ಮನೆಯ ಒಲೆ ಕೆದಕುವ ಸರಳಿನಿಂದ ಹತ್ತೊಂಬತ್ತನೆಯದನ್ನು ಎತ್ತಿ, ಹತ್ತು ಹೆಜ್ಜೆ ಕೆಳಗೆ ಕ್ಷೌರದಂಗಡಿಯ ಮುಂದೆ ನಿಂತಿದ್ದ. ನಾನು ಅವನ ತನಕ ಓಡಿದೆ.

"ಯಾರನ್ನ ಕೇಳಿ ತೆಗೆದ್ರಿ? ಮುದ್ರೆ ಒತ್ತಿಲ್ವಾ ನೀವು? ನಾಚಿಕೆ..."

ಬೆನ್ನ ಹಿಂದೆ ಏನೋ ದೊಡ್ಡದಾಗಿ ಉಸಿರು ಬಿಟ್ಟಂತಾಯಿತು. ತಿರುಗಿದೆ. ನನ್ನ ಅಡುಗೆಮನೆ ಇದ್ದಲ್ಲಿ ಬಂದರು ಕಾಣುತ್ತಿತ್ತು. ಕಿಟಕಿಯಿಲ್ಲದೆ, ಅಷ್ಟಗಲ.

ಮಳೆಯಲ್ಲೇ ಕೂತೆ. ಕಿಮಿಕೊ ಅಳುತ್ತ ಓಡಿ ಬಂದು ನನ್ನ ಭುಜ ಹಿಡಿದಳು. ಕೆಳಗಿನ ಓಣಿಯಲ್ಲಿ ಯಾರೂ ಸಿಕ್ಕಿಕೊಳ್ಳಲಿಲ್ಲ, ಅಲ್ಲಿನವರನ್ನು ಅವನು ಆಗಲೇ ಎಬ್ಬಿಸಿ ಕಳಿಸಿದ್ದ. ಅವರೆಲ್ಲ ಅವನು ಹೇಳಿದ ಕೂಡಲೇ ಹೊರಬಂದಿದ್ದರು. ಬರದವಳು ನಾನೊಬ್ಬಳೇ.

"ಮುಚ್ಚಳ ಯಾಕೆ ತೆಗೆದ್ರಿ?" ಎಂದು ಕೇಳಿದೆ. "ಅದ್ರಿಂದ ಗೋಡೆ ನಿಲ್ತಿತ್ತಾ?"

"ಇಲ್ಲ," ಎಂದ. "ಗೋಡೆ ಬೀಳತ್ತೆ ಅಂದ್ರೆ ನೀವು ಬರಲಿಲ್ಲ. ಮುಚ್ಚಳ ತೆಗೆದ್ರೆ ಬೈಯೋಕೆ ಬಂದೇ ಬರ್ತೀರಿ ಅಂತ..."

ಹಮಾಬೆ ಆ ಮಧ್ಯಾಹ್ನವೇ ಬಂದಳು. ಗೋಡೆಯ ಮುಂದುವರಿದ ಭಾಗದ ಮೇಲೆ ಇನ್ನೂ ಮೂರು ಮನೆಗಳಿದ್ದವು, ಕಿಮಿಕೊಳದೂ ಒಂದು. ನಗರಸಭೆ ಅದನ್ನು ಕೂಡಲೇ ಅಗೆದು ಭದ್ರ ಮಾಡಬೇಕಾದರೆ ಇದು ಒಂದು ದಿನದ ಮಳೆಯ ಕೆಲಸವಲ್ಲ, ಚರಂಡಿಯ ಬಿರುಕಿನಿಂದ ಬಹುದಿನಗಳಿಂದ ಮಣ್ಣು ಹೋಗುತ್ತಿದೆ ಎಂದು ತೋರಿಸಬೇಕು. ಕಡತದಲ್ಲಿ ಮಾತ್ರ ನನ್ನ ಹೇಳಿಕೆ ಕೂತಿತ್ತು: ಒಂದು ಕಾಳೂ ಇಲ್ಲ.

ಕುಸುಮೊತೊನ ಮನೆಯಲ್ಲಿ ಕೂತು ಅವನ ಪುಸ್ತಕವನ್ನು ಅವಳು ಮೇಜಿನ ಮೇಲೆ ಬಿಚ್ಚಿದಳು. ಬಿರಡೆ ತಲುಪಿದ ಹೊತ್ತು, ನೀರಿನ ಆಳ, ಪಕ್ಕದಲ್ಲಿ ಇನ್ನೊಂದು ಸಾಲು. ಏಪ್ರಿಲ್ ಎರಡು, ಇವನಾಗಾ-ಸಾನ್, ಮೂರು ಮೊರ. ಏಪ್ರಿಲ್ ಒಂಬತ್ತು, ಮಳೆಯ ಮಾರನೆಯ ದಿನ, ಐದು ಮೊರ. ಮೇ ಇಪ್ಪತ್ತು, ಏಳು ಮೊರ. ನಾನು ಬಿಡಲೊಲ್ಲೆ ಎಂದ ಮರಳನ್ನು, ದೂರ ನಿಂತು, ನನ್ನ ಮೊರದಲ್ಲೇ ಅಳೆದಿದ್ದ.

"ಇದು ಅವ್ರು ಬರೆದದ್ದು. ಮನೆಯವ್ರ ಮಾತು ಬೇಕು," ಎಂದಳು ಹಮಾಬೆ.

ನಾನು ಕಾಗದ ಎಳೆದುಕೊಂಡು ಬರೆದೆ. ಹನ್ನೊಂದು ವರ್ಷದಿಂದ ದಿನಾ ಮರಳು ಬೀಳುತ್ತಿತ್ತು. ದಿನಾ ಗುಡಿಸುತ್ತಿದ್ದೆ. ಈ ವರ್ಷ ಹೆಚ್ಚಿತ್ತು. ಕೇಳಿದಾಗ ಇಲ್ಲವೆಂದು ಸುಳ್ಳು ಹೇಳಿದೆ. ಕಿಮಿಕೊ ನೋಡುತ್ತಿದ್ದಳು. ನನ್ನ ಮುದ್ರೆ ಗಂಡನ ಫೋಟೋದ ಜೊತೆ ಮಣ್ಣಿನಡಿ ಇತ್ತು. ಹೆಬ್ಬೆರಳನ್ನೇ ಕೆಂಪು ಮಸಿಗೆ ಅದ್ದಿ ಒತ್ತಿದೆ.

ಒರೆಸಿಕೊಳ್ಳಲು ಏನೂ ಇರಲಿಲ್ಲ. ಕುಸುಮೊತೊ ಕೊರಳಿನಿಂದ ಟವೆಲು ತೆಗೆದು ಚಾಚಿದ, ಅದೇ ಸ್ನಾನದ ಮನೆಯದು. ತೆಗೆದುಕೊಂಡೆ. ಹಿಂದೆ ಒಮ್ಮೆ ಮುಂದೆ ಒಮ್ಮೆ ತಿರುಗಿಸಿ ನೋಡಿದೆ, ಆಮೇಲೆ ಬೆರಳು ಒರೆಸಿಕೊಂಡೆ.